ಒಂದೇ ಅಳತೆಯ ಎರಡು ಕಡ್ಡಿ

ಪರದೆಯ ಎರಡು ಭಾಗಗಳನ್ನು ಮಂಚದ ಮೇಲೆ ಪಕ್ಕಪಕ್ಕದಲ್ಲಿ ಹಾಸಿದ ದೊಡ್ಡವಳು ಮತ್ತೊಮ್ಮೆ ಬಗ್ಗಿ ನೋಡಿದಳು. ಮೇಲಂಚುಗಳನ್ನು ಸರಿಯಾಗಿ ಕೂಡಿಸಿಯೇ ಹಾಸಿದ್ದಳು. ಕೆಳಗೆ ಬರುವಷ್ಟರಲ್ಲಿ ಒಂದು ಭಾಗ ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ. ಅಂಗೈಯಿಂದ ಸವರಿದಳು, ಸುಕ್ಕು ಬಿಡಿಸಿದಳು, ಮೂಲೆ ಹಿಡಿದು ಎಳೆದಳು. ನಾಲ್ಕು ಬೆರಳು ನಾಲ್ಕು ಬೆರಳಾಗಿಯೇ ಉಳಿಯಿತು.

ಗಿಡ್ಡವಾದದ್ದು ಅವಳು ಹೆಣೆದದ್ದು. ಉದ್ದವಾದದ್ದು ಅವಳ ಓರಗಿತ್ತಿ, ಚಿಕ್ಕವಳು, ಹೆಣೆದದ್ದು.

ಸಂಜೆ ದರ್ಜಿ ಬರುವವನಿದ್ದ. ಹೊಸದಾಗಿ ಬಾಗಿಲು ತೆರೆಯಲಿದ್ದ ವಸತಿಗೃಹದ ಮುಂದಿನ ಕಿಟಕಿಗೆ ಅವನು ಪರದೆಯ ಕೆಲಸ ಒಪ್ಪಿಕೊಂಡಿದ್ದ. ಕ್ರೋಶಾ ಹಾಕುವುದು ಇವರಿಬ್ಬರ ಪಾಲು. ಎರಡು ಭಾಗಗಳನ್ನು ನಡುವೆ ಜೋಡಿಸಿ, ಉಂಗುರ ಹೊಲಿದು, ತೂಗುಹಾಕುವುದು ಅವನ ಪಾಲು. ಪರದೆ ಅವನ ಕೈ ಸೇರಿದ ಮರುದಿನ ಬೆಳಿಗ್ಗೆ ಚಿಕ್ಕವಳು ತನ್ನ ತಮ್ಮನ ಮನೆಗೆ ಹೊರಟುಹೋಗುವವಳು. ಅವಳ ಟ್ರಂಕು ಆಗಲೇ ಹಗ್ಗ ಬಿಗಿಸಿಕೊಂಡು ಬಾಗಿಲ ಪಕ್ಕ ಕೂತಿತ್ತು. ದೊಡ್ಡವಳು ನೀರಿಗೆ ಹೋಗುವಾಗಲೆಲ್ಲ ಅದನ್ನು ಬಳಸಿಕೊಂಡು ಹೋಗಬೇಕಿತ್ತು. ಹೋಗಬೇಡ ಎನ್ನುವ ಮಾತು ಎಷ್ಟೋ ಸಲ ಗಂಟಲವರೆಗೆ ಬಂದು, ಆ ಟ್ರಂಕನ್ನು ಕಂಡ ಕೂಡಲೇ ಒಳಕ್ಕಿಳಿದುಬಿಡುತ್ತಿತ್ತು.

ಅಣ್ಣತಮ್ಮಂದಿರ ಕೈಹಿಡಿದು ಸೈಕಲ್ ಅಂಗಡಿಯ ಮೇಲಿನ ಈ ಎರಡು ಕೋಣೆಗೆ ಬಂದವರು ಇಬ್ಬರೂ. ಗಂಡಂದಿರು ಹೋದರು, ಅತ್ತೆ ಹೋದರು. ಅತ್ತೆ ಕಲಿಸಿದ ಕ್ರೋಶಾ ಉಳಿಯಿತು. ದೊಡ್ಡ ಕೆಲಸ ಬಂದರೆ ಎರಡು ಪಾಲು ಮಾಡಿಕೊಂಡು ಎದುರುಬದುರು ಕೂತು ಹೆಣೆಯುತ್ತಿದ್ದರು. ಸಾಲಿನ ಲೆಕ್ಕ ಇಬ್ಬರಿಗೂ ಬಾಯಿಪಾಠ. ಸಂಜೆ ದೀಪ ಹಚ್ಚುವ ಮೊದಲು ಎರಡು ಪಾಲನ್ನೂ ಅಂಚಿಗೆ ಅಂಚು ಇಟ್ಟು ನೋಡುವುದು ರೂಢಿ. ಹೆಚ್ಚುಕಡಿಮೆ ಬಂದದ್ದೇ ಇಲ್ಲ. ಒಬ್ಬರೇ ಹೆಣೆದದ್ದೇನ್ರಮ್ಮ ಎಂದು ಗಿರಾಕಿಗಳು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

ಜಗಳ ಹತ್ತಿದ್ದು ಕಿಟಕಿಯಿಂದ. ಮನೆಯಲ್ಲಿ ಬೆಳಕು ಬರುವ ಕಿಟಕಿ ಒಂದೇ, ಅದರ ಕೆಳಗಿನ ಬೆಂಚು ಮೊದಲಿನಿಂದಲೂ ದೊಡ್ಡವಳದ್ದು. ಕಣ್ಣು ಮಂಜಾಗತೊಡಗಿದ ಮೇಲೆ ಒಂದು ದಿನ ಚಿಕ್ಕವಳು ಕೇಳಿಯೇಬಿಟ್ಟಳು.

"ಅಕ್ಕಾ, ಇನ್ಮೇಲೆ ಕಿಟಕಿ ಹತ್ರ ನಾನು ಕೂತ್ಕೋತೀನಿ."

"ನನಗಿಂತ ಚಿಕ್ಕವಳು ನೀನು. ನಿನ್ನ ಕಣ್ಣಿಗೇನಾಗಿದೆ ಧಾಡಿ?"

"ಚಿಕ್ಕವಳು, ಚಿಕ್ಕವಳು! ತಲೆ ಪೂರ್ತಿ ನರೆತರೂ ನಿನ್ನ ಬಾಯಲ್ಲಿ ನಾನು ಚಿಕ್ಕವಳೇ. ಬೆಳಕೂ ನಿಂಗೆ, ದಪ್ಪ ಕಡ್ಡೀನೂ ನಿಂಗೆ. ನಂಗೆ ಮೂಲೆ, ನಂಗೆ ಸಣ್ಣ ಕಡ್ಡಿ. ಬಂದ ದಿನದಿಂದ ಇದೇ ಆಯ್ತು."

ಕಡ್ಡಿಯ ಮಾತು ಕೇಳಿ ದೊಡ್ಡವಳು ದಂಗಾದಳು. ಹೆಣಿಗೆ ಕಲಿಸಿದ ಮೇಲೆ ಅತ್ತೆ ಇವಳಿಗೆ ದಪ್ಪನೆಯ ಕ್ರೋಶಾ ಕಡ್ಡಿಯನ್ನೂ ಅವಳಿಗೆ ಸಣ್ಣದನ್ನೂ ಕೊಟ್ಟದ್ದು ನಿಜ. ಏಕೆಂದು ಅತ್ತೆ ಹೇಳಲಿಲ್ಲ, ಇವರು ಕೇಳಲಿಲ್ಲ. ದಪ್ಪ ಕಡ್ಡಿಯಲ್ಲಿ ಕೆಲಸ ಬೇಗ ಏರುತ್ತದೆ. ಹಿರಿಸೊಸೆ ಅಂತ ತನಗೆ ಅದನ್ನು ಕೊಟ್ಟರೆಂದು ದೊಡ್ಡವಳು ಒಳಗೊಳಗೇ ಬೀಗಿದ್ದೂ ಉಂಟು. ಅದು ಇಷ್ಟು ವರ್ಷ ಇನ್ನೊಬ್ಬಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದಾಗ ಮರುಕ ಬರಲಿಲ್ಲ, ರೋಷ ಬಂತು. ಎರಡೂ ಹಳೆಯ ಕಡ್ಡಿಗಳನ್ನು ಡಬ್ಬಿಗೆ ಎಸೆದು ಮುಚ್ಚಳ ಬಡಿದಳು. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಹಳೆಯವೆರಡರ ನಡುವಿನ ದಪ್ಪದ ಎರಡು ಹೊಸ ಕಡ್ಡಿ ಆರಿಸಿದಳು. ಬೆರಳ ನಡುವೆ ಹೊರಳಿಸಿ, ಕೊಕ್ಕೆಗೆ ಕೊಕ್ಕೆ ತಾಗಿಸಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಖಾತ್ರಿಯಾದ ಮೇಲೇ ತಂದು, ಒಂದನ್ನು ಚಿಕ್ಕವಳ ಮಡಿಲಿಗೆ ಹಾಕಿದಳು.

"ತಗೋ. ಇನ್ನು ನನ್ನ ಕಡೆ ಯಾರೂ ಬೆರಳು ತೋರಿಸೋ ಹಾಗಿಲ್ಲ."

ಅಂದಿನಿಂದ ಮಾತು ನಿಂತಿತು, ತಮ್ಮನ ಮನೆಗೆ ಹೋಗುವುದೆಂದು ಚಿಕ್ಕವಳು ತೀರ್ಮಾನಿಸಿದಳು. ಈ ಪರದೆಯನ್ನು ಹೊಸ ಕಡ್ಡಿಗಳಲ್ಲೇ ಹೆಣೆದರು, ಇವಳು ಕಿಟಕಿಯಲ್ಲಿ, ಅವಳು ಒಳಕೋಣೆಯ ಬಲ್ಬಿನ ಕೆಳಗೆ. ಸಂಜೆ ಅಂಚಿಗೆ ಅಂಚು ಇಟ್ಟು ನೋಡೋಣ ಬಾ ಎಂದು ಯಾರೂ ಯಾರನ್ನೂ ಕರೆಯಲಿಲ್ಲ.

ಈಗ ಚಿಕ್ಕವಳು ಬಂದು ಮಂಚದ ಆಚೆ ಬದಿಗೆ ನಿಂತಳು. ನೋಡಿದಳು.

"ನಿನ್ನದರಲ್ಲಿ ಸಾಲು ಬಿಟ್ಟುಹೋಗಿದೆ," ಎಂದಳು.

"ಸಾಲು ಬಿಟ್ಟು ಹೆಣೆಯೋ ಕೈಯೇನೇ ಇದು? ನೀನೇ ಹೆಚ್ಚಿಗೆ ಹಾಕಿರ್ತೀಯ. ತಮ್ಮನ ಮನೆ ಸಂಭ್ರಮದಲ್ಲಿ ಮೈಮೇಲೆ ಜ್ಞಾನ ಎಲ್ಲಿತ್ತು ನಿಂಗೆ!"

"ಎಣಿಸೋಣ ಹಾಗಾದ್ರೆ."

"ಎಣಿಸು. ಗಟ್ಟಿಯಾಗಿ ಎಣಿಸು, ನಂಗೂ ಕೇಳ್ಲಿ."

ಮಂಚದ ಈಚೆಗೊಬ್ಬಳು ಆಚೆಗೊಬ್ಬಳು ಬಗ್ಗಿ, ಹೆಬ್ಬೆರಳ ಉಗುರಿನಿಂದ ಒಂದೊಂದೇ ಸಾಲು ಮುಟ್ಟುತ್ತ ಕೆಳಕ್ಕೆ ಬಂದರು. ಇಬ್ಬರ ಬಾಯೂ ಒಂದೇ ಅಂಕಿಗೆ ಬಂದು ನಿಂತಿತು. ಸಾಲು ಸಮ, ಉದ್ದ ಬೇರೆ. ತಪ್ಪು ಸಿಕ್ಕಿದ್ದರೆ ವಾಸಿಯಿತ್ತು ಎನ್ನಿಸಿತು ದೊಡ್ಡವಳಿಗೆ.

ಚಿಕ್ಕವಳು ನಿಧಾನವಾಗಿ ನೆಟ್ಟಗಾದಳು. "ಈಗ ಗೊತ್ತಾಯ್ತು ಬಿಡು. ಬೇಕಂತಲೇ ಎಳೆದೆಳೆದು ಬಿಗಿ ಮಾಡಿದೀಯ. ಹೊರಟವಳು ಒಳ್ಳೇ ಹೆಸರು ತಗೊಂಡು ಹೋಗಬಾರದು, ಅಲ್ವಾ ಅಕ್ಕಾ?"

ಇದೇ ಅನುಮಾನ ದೊಡ್ಡವಳೊಳಗೂ ತಲೆಯೆತ್ತಿತ್ತು: ಇವಳು ಬೇಕೆಂದೇ ಸಡಿಲ ಬಿಟ್ಟಿದ್ದಾಳೆ, ದರ್ಜಿಯ ಮುಂದೆ ನನ್ನ ಮಾನ ಕಳೆಯಲಿಕ್ಕೆ. ಇಂಥ ಮಾತನ್ನು ಹೊತ್ತುಕೊಂಡು ಈ ಮನೆ ಬಿಟ್ಟವಳು ಮತ್ತೆ ಈ ಮೆಟ್ಟಿಲು ತುಳಿಯುವವಳಲ್ಲ. ದರ್ಜಿ ಬರುವುದರೊಳಗೆ ನಿಜವೇನೆಂದು ತಿಳಿಯಬೇಕಿತ್ತು. ದಾರದ ಉಂಡೆ ಎತ್ತಿಕೊಂಡಳು.

"ಕೂತ್ಕೋ ಇಲ್ಲಿ. ನನ್ನ ಕಣ್ಣೆದುರಿಗೆ ಹತ್ತು ಸಾಲು ಹಾಕು."

"ಪರೀಕ್ಷೆ ಮಾಡ್ತೀಯಾ ನನ್ನ?"

"ನಾನೂ ಹಾಕ್ತೀನಿ. ನೀನೂ ನನ್ನ ಮಾಡು."

ಕಿಟಕಿಯ ಬೆಂಚಿನ ಮೇಲೆ, ನಡುವೆ ಮೊಳದಷ್ಟು ಜಾಗ ಬಿಟ್ಟು ಕೂತರು. ಅದೇ ದಾರ, ಅದೇ ಅಳತೆಯ ಹೊಸ ಕಡ್ಡಿ. ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಬೆಲ್ಲು ಪರೀಕ್ಷಿಸುತ್ತಿದ್ದರು. ಒಂದೊಂದು ಸದ್ದಿಗೂ ದೊಡ್ಡವಳ ಕಿವಿ ಮೆಟ್ಟಿಲ ಕಡೆ ಹೋಗುತ್ತಿತ್ತು. ಕಣ್ಣು ಮಾತ್ರ ಪಕ್ಕದವಳ ಕೈಯ ಮೇಲಿತ್ತು. ಚಿಕ್ಕವಳ ಬೆರಳ ಮೇಲಿಂದ ದಾರ ತಾನಾಗಿ ಜಾರುತ್ತಿತ್ತು, ಕುಣಿಕೆಯನ್ನು ಬಿದ್ದಲ್ಲೇ ಬಿಟ್ಟು ಅವಳು ಮುಂದೆ ಹೋಗುತ್ತಿದ್ದಳು. ದೊಡ್ಡವಳು ತನ್ನ ಕೈ ನೋಡಿಕೊಂಡಳು. ದಾರ ಬೆರಳಿಗೆ ಎರಡು ಸುತ್ತು, ಪ್ರತಿ ಕುಣಿಕೆಗೂ ಒಂದು ಸಣ್ಣ ಜಗ್ಗು. ಜಗ್ಗಬಾರದೆಂದು ಹಲ್ಲು ಕಚ್ಚಿ ನೋಡಿದಳು. ಮೂರನೆಯ ಕುಣಿಕೆಗೆ ಕೈ ತಾನೇ ಜಗ್ಗಿತು.

ಎರಡು ತುಂಡುಗಳನ್ನು ಮೊಣಕಾಲ ಮೇಲೆ ಒಂದರ ಮೇಲೊಂದು ಇಟ್ಟರು. ಕೆಳಗಿಟ್ಟ ಚಿಕ್ಕವಳದ್ದು ಸುತ್ತಲೂ ಇಣುಕುತ್ತಿತ್ತು.

"ಬೇಕಂತ ಮಾಡಿಲ್ಲ ನೀನು," ಎಂದಳು ದೊಡ್ಡವಳು.

ಚಿಕ್ಕವಳು ಎದ್ದುಹೋಗಿ ಕಪಾಟಿನಿಂದ ಹಳೆಯ ಡಬ್ಬಿ ತಂದಳು. ದಪ್ಪ ಕಡ್ಡಿಯನ್ನು ಅಕ್ಕನ ಕೈಗಿಟ್ಟು, ಸಣ್ಣದನ್ನು ತಾನು ಹಿಡಿದಳು. ಮತ್ತೆ ಹತ್ತು ಸಾಲು. ಈ ಸಲ ಒಂದರ ಮೇಲೊಂದು ಇಟ್ಟಾಗ ಕೆಳಗಿನದು ಕಾಣಲೇ ಇಲ್ಲ.

"ಇಷ್ಟೇನಾ?" ಎಂದಳು ಚಿಕ್ಕವಳು. "ಕೈ ನೋಡಿ ಕಡ್ಡಿ ಕೊಟ್ಟಿದ್ರಾ ಅತ್ತೆ? ಬಿಗಿ ಕೈಗೆ ದಪ್ಪದು, ಸಡಿಲ ಕೈಗೆ ಸಣ್ಣದು? ನಾನು ಅವರು ಸಾಯೋವರೆಗೂ ಇದಕ್ಕೆ ಮುಖ ಊದಿಸ್ಕೊಂಡಿದ್ನಲ್ಲೇ ಅಕ್ಕಾ. ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು?"

"ಬಾಯಿಬಿಟ್ರೆ ಅವರಿಗೆ ಬರ್ತಿದ್ದುದು ಬೈಗುಳ ಒಂದೇ ಕಣೇ."

ಇಬ್ಬರಿಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಮರದ ಮೆಟ್ಟಿಲು ಕಿರುಗುಟ್ಟಿತು.

ದರ್ಜಿ ಒಳಬಂದವನೇ ಮಂಚದ ಮೇಲೆ ಕಣ್ಣಾಡಿಸಿದ. ಕೊರಳ ಟೇಪು ತೆಗೆದು ಎರಡನ್ನೂ ಅಳೆದ. ಕಿಟಕಿಯ ಅಳತೆಗೆ ದೊಡ್ಡವಳದ್ದು ಎರಡು ಬೆರಳು ಕಡಿಮೆ, ಚಿಕ್ಕವಳದ್ದು ಎರಡು ಬೆರಳು ಜಾಸ್ತಿ.

"ಏನ್ರಮ್ಮಾ ಇದು? ಪರದೆ ಹೆಣೀರಿ ಅಂದ್ರೆ ಕುಂಟನ ಪ್ಯಾಂಟು ಹೆಣೆದಿದೀರಾ? ಯಾರದು ತಪ್ಪು?"

"ಕಡ್ಡಿ ತಂದವಳು ನಾನು," ಎಂದಳು ದೊಡ್ಡವಳು.

"ತರೋ ಹಾಗೆ ಮಾಡಿದವಳು ನಾನು," ಎಂದಳು ಚಿಕ್ಕವಳು.

"ನಿಮ್ಮ ಪಂಚಾಯ್ತಿ ಆಮೇಲೆ ಇಟ್ಕೊಳ್ಳಿ. ನಾಳೆ ಸಂಜೆ ಅಲ್ಲಿ ಜನ ಬರ್ತಾರೆ, ನನ್ನ ಮುಖ ಎಲ್ಲಿಡ್ಲಿ?" ಅವನು ಎರಡು ಭಾಗಗಳನ್ನೂ ಎತ್ತಿ ಹಿಡಿದು, ದೂರ ಸರಿಸಿ, ಹತ್ತಿರ ತಂದು, ನಡುವಿಗೆ ಮುಷ್ಟಿ ಕಟ್ಟಿ ನೋಡಿದ. "ನಡುವೆ ಜೋಡಿಸೋದು ಬೇಡ. ಎರಡು ಪಕ್ಕಕ್ಕೂ ಎಳೆದು ಪಟ್ಟಿ ಬಿಗಿದು ಕಟ್ತೀನಿ. ಕಟ್ಟಿದ್ರೆ ಉದ್ದ ಗಿಡ್ಡ ಗೊತ್ತಾಗಲ್ಲ. ಸದ್ಯಕ್ಕೆ ಮರ್ಯಾದೆ ಉಳಿಯುತ್ತೆ. ಆಮೇಲೆ ಎರಡನ್ನೂ ಬಿಚ್ಚಿ ಮೊದಲಿಂದ ಹೆಣೆದುಕೊಡ್ಬೇಕು. ಅದಕ್ಕೆ ಒಪ್ಪಿಗೆ ಈಗ್ಲೇ ಬೇಕು ನಂಗೆ." ಅವನ ಕಣ್ಣು ಬಾಗಿಲ ಪಕ್ಕದ ಟ್ರಂಕಿನ ಮೇಲೆ ಬಿತ್ತು. "ಇವರು ನಾಳೆ ಹೊರಟ್ರು ಅಂತ ಕೆಳಗೆ ಹೇಳ್ತಿದ್ರು. ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು. ಏನ್ಮಾಡ್ತೀರಾ ಹೇಳಿ."

ಚಿಕ್ಕವಳು ಕೈಯಲ್ಲಿದ್ದ ಸಣ್ಣ ಕಡ್ಡಿಯ ಕೊಕ್ಕೆಯನ್ನು ಉಗುರಿನಿಂದ ಸವರುತ್ತ ನೆಲ ನೋಡುತ್ತಿದ್ದಳು. ದೊಡ್ಡವಳಿಗೂ ಟ್ರಂಕು ಕಾಣುತ್ತಿತ್ತು. ಮಾತು ಗಂಟಲಿಗೆ ಬಂತು, ಎಂದಿನಂತೆ ಒಳಕ್ಕೆ ಇಳಿಯಹೊರಟಿತು. ಹೊರಗಿನವನ ಮುಂದೆ ಅಂಗಲಾಚುವುದೇ ಎಂದು ಒಂದು ಗಳಿಗೆ ಹಿಂಜರಿದಳು.

"ಹೋಗಬೇಡ ಕಣೇ," ಎಂದಳು.

ದರ್ಜಿ ಸುಮ್ಮನೆ ಟೇಪು ಸುತ್ತತೊಡಗಿದ. ಅದನ್ನು ಪೂರ್ತಿ ಸುತ್ತಿ, ಮತ್ತೆ ಬಿಚ್ಚಿದ.

"ಕಟ್ಟೋ ಪಟ್ಟಿ ಎಷ್ಟುದ್ದ ಬೇಕು?" ಎಂದು ಚಿಕ್ಕವಳು ಅವನನ್ನು ಕೇಳಿದಳು.

"ಒಂದೊಂದು ಗೇಣುದ್ದ ಸಾಕು. ಎರಡೂ ಸಮ ಇರ್ಲಿ ತಾಯೀ, ಕೈಮುಗೀತೀನಿ."

"ಬೆಳಿಗ್ಗೆ ಬಂದು ತಗೊಂಡು ಹೋಗಿ. ಆಮೇಲಿನ ಹೆಣಿಗೆಗೂ ಒಪ್ಪಿಗೆ." ಅವಳು ಕಿಟಕಿಯ ಬೆಂಚಿನ ಹತ್ತಿರ ಬಂದು ನಿಂತಳು. "ಸರ್ಕೋ ಅಕ್ಕಾ ಆ ಕಡೆಗೆ. ಅರ್ಧ ಬೆಳಕು ನಿನ್ನ ಬೆನ್ನೇ ತಿಂತಿದೆ."

ದೊಡ್ಡವಳು ಸರಿದಳು. ಈ ಸಲ ನಡುವೆ ಮೊಳದಷ್ಟು ಜಾಗ ಉಳಿಯಲಿಲ್ಲ, ಬೆಂಚು ಇದ್ದದ್ದೇ ಅಷ್ಟು. ಪಟ್ಟಿಗಳು ಅರ್ಧ ಮುಗಿದಾಗ ಬೀದಿಯಲ್ಲಿ ಮಬ್ಬು ಕವಿಯಿತು. ದೀಪ ಹಚ್ಚಲು ಎದ್ದ ದೊಡ್ಡವಳ ಸೆರಗನ್ನು ಚಿಕ್ಕವಳು ಹಿಡಿದೆಳೆದು ಕೂರಿಸಿದಳು.

"ಮೊದಲು ಅಂಚು ತೋರಿಸು," ಎಂದಳು.