ಮೊದಲನೆಯ ಗುಂಡಿ

ಮಂಗಳಮ್ಮನವರ ಧ್ವನಿಯನ್ನು ಅಳಿಸಿದವಳು ನಾನು. ಅವರಲ್ಲ. ಅವರೇ ಅಳಿಸಿಕೊಂಡರೆಂದು ಅವರ ಎದುರಿಗೇ ಕೂತು ಹೇಳಿದವಳೂ ನಾನೇ — ಹಾಗೆ ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಈ ಕೊನೆಯ ಮಾತನ್ನು ಎಷ್ಟೋ ರೀತಿ ತಿರುಗಿಸಿ ನೋಡಿದ್ದೇನೆ. ಪೂರ್ತಿ ಗೊತ್ತಿರಲಿಲ್ಲ, ಬರೀ ಅನುಮಾನವಿತ್ತು, ಎಂದೆಲ್ಲ. ಇಲ್ಲ. ಗೊತ್ತಿತ್ತು.

ಇಲವಾಲದ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಮಾತು ಕಳೆದುಕೊಂಡವರಿಗಾಗಿ ನಾವು ಒಂದು ಪೆಟ್ಟಿಗೆ ಮಾಡುತ್ತೇವೆ. ಟಿಫನ್ ಡಬ್ಬಿಯಷ್ಟು ಗಾತ್ರ, ಮೇಲೆ ಸಾಲಾಗಿ ಗುಂಡಿಗಳು. ಒಂದೊಂದಕ್ಕೆ ಒಂದೊಂದು ಮಾತು ರೆಕಾರ್ಡ್ ಮಾಡಿಟ್ಟರೆ, ಒತ್ತಿದಾಗ ಪೆಟ್ಟಿಗೆ ಅದನ್ನು ಆಡುತ್ತದೆ. ಕೃಷ್ಣಮೂರ್ತಿಪುರಂನ ಮಂಗಳಮ್ಮನವರಿಗೆ ಗಂಟಲಿನ ಕ್ಯಾನ್ಸರ್. ಆಪರೇಷನ್ ಆದಮೇಲೆ ಧ್ವನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮುಂಚೆ ಅವರದೇ ಧ್ವನಿಯನ್ನು ತುಂಬಿಸಿಕೊಡಲು ನಾನು ಹೋಗಿದ್ದೆ. ಮೊದಲನೆಯ ಗುಂಡಿಗೆ ಏನು ಹೇಳಬೇಕೆಂದು ಅವರು ಯೋಚಿಸಲೇ ಇಲ್ಲ.

"ರೀ... ಇಲ್ಬನ್ನಿ ಸ್ವಲ್ಪ."

ಒಳಕೋಣೆಯಲ್ಲಿದ್ದ ಯಜಮಾನರು ಗುರುಸಿದ್ದಪ್ಪನವರು ನಿಜಕ್ಕೂ ಕರೆದರೆಂದುಕೊಂಡು, "ಬಂದೆ ಕಣೇ, ಒಂದ್ನಿಮಿಷ ಪೇಪರ್ ಓದಕ್ ಬುಡಲ್ವಲ್ಲ" ಎನ್ನುತ್ತ ಎದ್ದು ಬಂದರು. ಅದೂ ರೆಕಾರ್ಡಾಯಿತು, ಹಿಂದೆಯೇ ಮಂಗಳಮ್ಮನವರ ನಗುವೂ. ಮತ್ತೊಮ್ಮೆ ಮಾಡೋಣವೇ ಎಂದೆ. ಬೇಡ, ಇದೇ ಇರಲಿ ಎಂದರು.

ನಿಮ್ಮ ಧ್ವನಿ ಈ ಪೆಟ್ಟಿಗೆಯಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ, ಇನ್ನೊಬ್ಬರ ಕೈಗೆ ಹೋಗುವುದಿಲ್ಲ ಎಂದು ಅವತ್ತು ಹೆಮ್ಮೆಯಿಂದ ಹೇಳಿದ್ದೆ. ಹಾಗೇ ಇರಬೇಕೆಂದು ಆಫೀಸಿನಲ್ಲಿ ಹಟ ಹಿಡಿದವಳೂ ನಾನೇ.

ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆಯಲ್ಲಿ ಮೊದಲು ಏಳುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಮಿಕ್ಕದ್ದನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಮೆಮೊರಿಯಲ್ಲಿ ಅದಕ್ಕೆಂದು ಒಂದಿಷ್ಟು ಜಾಗ ಬಿಟ್ಟಿರುತ್ತದೆ, ಅದನ್ನು ದಾಟುವಂತಿಲ್ಲ. ನಮ್ಮ ಪೆಟ್ಟಿಗೆಗಳೊಳಗೆ ಮೂರು ತರಹದ ಸರ್ಕ್ಯೂಟ್ ಬೋರ್ಡುಗಳಿದ್ದವು. ಹೊಸ ಎರಡರಲ್ಲಿ ಜಾಗ ಧಾರಾಳ. ಹಳೆಯದರಲ್ಲಿ ತೀರ ಬಿಗಿ. ಮಂಗಳಮ್ಮನವರ ಪೆಟ್ಟಿಗೆಯಲ್ಲಿದ್ದದ್ದು ಹಳೆಯದು.

ಬ್ಯಾಟರಿ ಇಳಿದಾಗ ಪೆಟ್ಟಿಗೆ ಏಳದೆ ಹೋಗುವ ತೊಂದರೆಯೊಂದಿತ್ತು. ಅದನ್ನು ನೀಗಿಸಲು ಹೊಸ ಬೂಟ್‌ಲೋಡರ್ ಬರೆದೆ. ಹಳೆಯ ಬೋರ್ಡಿಗೆ ಮಾತ್ರ ಅದು ಹಿಡಿಸಲಿಲ್ಲ. ಒಂದು ಸಾಲು ತೆಗೆಯುವುದು, ಇನ್ನೊಂದನ್ನು ಕುಗ್ಗಿಸುವುದು, ಮತ್ತೆ ನೋಡುವುದು — ಮಿತಿ ಮೀರಿದೆ ಎಂಬ ಅದೇ ಕೆಂಪು ಸಾಲು. ಊಟ ಮಾಡಿ ಬಂದರೂ ಅದೇ. ಹಳೆಯದಕ್ಕೆ ಬೇರೆಯೇ ಚಿಕ್ಕದೊಂದನ್ನು ಬರೆಯುತ್ತೇನೆಂದು ನಮ್ಮ ತಂಡದ ಮುಖ್ಯಸ್ಥ ಅನಂತ್ ಸರ್ ಅವರನ್ನು ಕೇಳಿದೆ. ಹಳೆಯ ಪೆಟ್ಟಿಗೆಗಳು ಬೆರಳೆಣಿಕೆಯಷ್ಟು ಉಳಿದಿವೆ, ಅಷ್ಟಕ್ಕೆ ಸಮಯವಿಲ್ಲ, ಮೂರಕ್ಕೂ ಒಂದೇ ಇರಲಿ ಎಂದರು.

ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಪ್ರೋಗ್ರಾಮನ್ನು ಚಿಕ್ಕದು ಮಾಡುವುದನ್ನು ಬಿಟ್ಟು ಮಿತಿಯನ್ನೇ ದೊಡ್ಡದು ಮಾಡಿದೆ. ಒಂದೇ ಒಂದು ಅಂಕಿ. ಕೆಂಪು ಸಾಲು ಮಾಯವಾಯಿತು. ಅದರಾಚೆಯ ಜಾಗ ಖಾಲಿ ಎಂದುಕೊಂಡೆ. ಹೊಸ ಬೋರ್ಡುಗಳಲ್ಲಿ ಖಾಲಿಯೇ. ಹಳೆಯದರಲ್ಲಿ ಮೊದಲನೆಯ ಗುಂಡಿಯ ಧ್ವನಿ ಅಲ್ಲಿಂದಲೇ ಶುರುವಾಗುತ್ತದೆ. ಹಳೆಯ ಬೋರ್ಡಿನ ಮೆಮೊರಿ ನಕ್ಷೆಯನ್ನು ಒಮ್ಮೆ ತೆರೆದು ನೋಡಿದ್ದರೆ —

ನೋಡಲಿಲ್ಲ.

ಮಂಗಳಮ್ಮನವರಿಗೆ ಅಷ್ಟರಲ್ಲಿ ಆಪರೇಷನ್ ಆಗಿತ್ತು. ಅವರ ಮನೆಗೆ ಹೋಗಿ ಹೊಸದನ್ನು ನಾನೇ ಹಾಕಿದೆ. "ನೀರು ಕೊಡಿ" ಎಂಬ ಗುಂಡಿಯನ್ನು ಒತ್ತಿ ನೋಡಿದೆ, ಮಾತಾಡಿತು. ಅವರು ಕೊಟ್ಟ ಕಾಫಿ ಕುಡಿದು ಬಂದೆ. ಮಾರನೆಯ ಬೆಳಿಗ್ಗೆ ಗುರುಸಿದ್ದಪ್ಪನವರ ಫೋನು. ಹೋಗಿ ಮೊದಲನೆಯ ಗುಂಡಿ ಒತ್ತಿದೆ. ಕರ್ಕಶವಾದ ಸದ್ದು, ಜಲ್ಲಿ ಸುರಿದ ಹಾಗೆ.

ತಪ್ಪಿ ರೆಕಾರ್ಡಾಗಿದ್ದರೆ ಫ್ಯಾನಿನ ಸದ್ದೋ ಬೀದಿಯ ಆಟೋ ಸದ್ದೋ ಇರಬೇಕಿತ್ತು. ಇದು ಅದಲ್ಲ. ನನ್ನ ಬೂಟ್‌ಲೋಡರನ್ನೇ ಪೆಟ್ಟಿಗೆ ಧ್ವನಿಯೆಂದುಕೊಂಡು ನುಡಿಸುತ್ತಿತ್ತು. ಅದು ತಿಳಿಯಲು ನನಗೆ ಎರಡನೆಯ ಸಲ ಒತ್ತುವುದೂ ಬೇಕಾಗಲಿಲ್ಲ. ತಿಳಿದಮೇಲೆ ನಾನು ಆಡಿದ ಮಾತು ಇದು:

"ನೀವೇ ಎಲ್ಲೋ ಗೊತ್ತಿಲ್ದೆ ರೆಕಾರ್ಡ್ ಗುಂಡಿ ಒತ್ತಿರ್ಬೇಕು ಆಂಟಿ."

"ಅವ್ಳು ಅದನ್ನ ಮುಟ್ಟೋಳೇ ಅಲ್ಲ ಕಣಮ್ಮ" ಎಂದರು ಗುರುಸಿದ್ದಪ್ಪನವರು.

ತುಂಬಾ ಜನರಿಗೆ ಹೀಗಾಗುತ್ತದೆ ಎಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು. ಮಂಗಳಮ್ಮನವರು ತಮ್ಮ ಬೆರಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಸ್ಲೇಟು ತೆಗೆದುಕೊಂಡು 'ತಪ್ಪಾಯ್ತು' ಎಂದು ಬರೆದು ಯಜಮಾನರಿಗೆ ತೋರಿಸಿದರು. ನನಗೂ ತೋರಿಸಿದರು.

ಆ ವಾರವೇ ಹಳೆಯ ಬೋರ್ಡಿಗೆ ಚಿಕ್ಕ ಬೂಟ್‌ಲೋಡರ್ ಬರೆದು ಮಿತಿಯನ್ನು ಮೊದಲಿನಂತೆ ಮಾಡಿದೆ. ಸಮಯವಿಲ್ಲ ಎಂದಿದ್ದ ಕೆಲಸ, ಎರಡು ಮಧ್ಯಾಹ್ನ ಹಿಡಿಯಿತು ಅಷ್ಟೇ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೇರೆ ಯಾವ ಪೆಟ್ಟಿಗೆಗೂ ಏನೂ ಆಗಲಿಲ್ಲ. ಅದರಿಂದ ಸಮಾಧಾನ ಪಟ್ಟುಕೊಳ್ಳಲು ನೋಡಿದೆ, ನಾಚಿಕೆಯಿಲ್ಲದೆ.

ಹೋದ ತಿಂಗಳು ಬ್ಯಾಟರಿ ಬದಲಾಯಿಸಲು ಮತ್ತೆ ಹೋಗಬೇಕಾಯಿತು. ಪೆಟ್ಟಿಗೆ ಶೋಕೇಸಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಉಳಿದವೂ ಎಲ್ಲಿ ಅಳಿಸಿಹೋದಾವೋ ಎಂಬ ಹೆದರಿಕೆಯಿಂದ ಮಂಗಳಮ್ಮನವರು ಅವತ್ತಿನಿಂದ ಅದನ್ನು ಮುಟ್ಟಿಯೇ ಇಲ್ಲವಂತೆ. ಯಜಮಾನರನ್ನು ಕರೆಯಬೇಕಾದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಾರೆ. ನಾನಿದ್ದಾಗಲೂ ಬಡಿದರು.

"ಹೋಟ್ಲು ಮಾಣಿನ ಕರ್ದಂಗ್ ಕರೀತಾಳೆ ಕಣಮ್ಮ" ಎಂದರು ಗುರುಸಿದ್ದಪ್ಪನವರು. "ನಾನೂ, ಏನ್ ಕೊಡ್ಲಿ ಮೇಡಂ ಅಂತ್ಲೇ ಬರ್ತೀನಿ."

ಮಂಗಳಮ್ಮನವರು ಸದ್ದಿಲ್ಲದೆ ನಕ್ಕರು. ನಾನೂ ನಕ್ಕೆ. ಸುಳ್ಳಿಗಿಂತ ಆ ನಗು ನನ್ನನ್ನು ಹೆಚ್ಚು ಕಾಡುತ್ತಿದೆ — ಅವರ ಜೊತೆ ಕೂತು, ಅದೇ ಲೋಟದ ಸದ್ದಿಗೆ.

ಮೊದಲನೆಯ ಗುಂಡಿಯ ಧ್ವನಿ ಮತ್ತೆ ಬರುವುದಿಲ್ಲ. ಉಳಿದ ಮಾತುಗಳೆಲ್ಲ ಪೆಟ್ಟಿಗೆಯಲ್ಲಿ ಹಾಗೇ ಇವೆ. ಅವುಗಳನ್ನು ಎರಡು ವರ್ಷ ಬಟ್ಟೆಯೊಳಗೆ ಇರಿಸಿದ್ದು ಬೂಟ್‌ಲೋಡರ್ ಅಲ್ಲ, ಹಳೆಯ ಬೋರ್ಡೂ ಅಲ್ಲ, ಅನಂತ್ ಸರ್ ಅಂತೂ ಅಲ್ಲ.

ಈ ಭಾನುವಾರ ಹೋಗುತ್ತೇನೆ. ಇಲ್ಲಿ ಬರೆದದ್ದನ್ನು ಅವರ ಕೈಗೆ ಕೊಟ್ಟು ತಲೆತಗ್ಗಿಸಿ ಕೂರುವುದಿಲ್ಲ. ಬಾಯಿಬಿಟ್ಟು ಹೇಳಬೇಕು, ಇಬ್ಬರ ಎದುರಿಗೂ. ಹೇಳಿದ ಮೇಲೆ ಮಂಗಳಮ್ಮನವರು ಸ್ಲೇಟಿನ ಮೇಲೆ ಏನು ಬರೆದರೂ, ಅವರು ಅಳಿಸುವವರೆಗೂ ಓದುತ್ತ ಕೂತಿರಬೇಕು.