ಐವತ್ತೆಂಟು ಕೊಟ್ಟ ಮೇಷ್ಟ್ರು

ನಮ್ಮ ಲೆಕ್ಕದ ಮೇಷ್ಟ್ರ ಬಲಗೈ ಹೆಬ್ಬೆರಳು ಅರ್ಧಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಚನ್ನಪಟ್ಟಣದ ಮನೆಯಲ್ಲಿ ಗೊಂಬೆ ಕಡೆಯುವಾಗ ಉಳಿ ತಗುಲಿತ್ತಂತೆ. ಕೆಂಪು ಪೆನ್ನನ್ನು ಪಕ್ಕದೆರಡು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಆ ಪೆನ್ನಿನಿಂದ ಅರವತ್ತು ದಾಟಿಸಿಕೊಂಡವರು ಕಮ್ಮಿ. ತಪ್ಪಾದ ಕಡೆ ಬರೀ ಗೀಟು ಹಾಕಿ ಬಿಡುತ್ತಿರಲಿಲ್ಲ. ಎಲ್ಲಿ ದಾರಿ ತಪ್ಪಿದೆವು ಎಂದು ಪಕ್ಕದಲ್ಲೇ ಬರೆಯುತ್ತಿದ್ದರು. ನನಗೆ ಐವತ್ತೆಂಟು ಕೊಟ್ಟು, “ಇದು ನಿಂದೇ ಕಣವ್ವ, ಯಾರೂ ದಾನ ಕೊಟ್ಟಿದ್ದಲ್ಲ” ಅಂದಿದ್ದರು.

ಹೆದ್ದಾರಿ ಬದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಂಥದೊಂದು ಕಾರ್ಖಾನೆಯವರು ರಾಮನಗರದ ನಮ್ಮ ಕಾಲೇಜಿಗೆ ಬಂದು, ಕೊನೆ ವರ್ಷದವರನ್ನು ಲ್ಯಾಬ್ ಕೆಲಸಕ್ಕೆ ಕೇಳಿದರು. ಟೆಸ್ಟುಗಳ ಒಟ್ಟು ಮಾರ್ಕ್ಸಿನ ಮೇಲೆ ಆಯ್ಕೆ. ಕೆಲಸ ಸಿಕ್ಕರೆ ಮದುವೆ ಮಾತು ಮುಂದಕ್ಕೆ ಹಾಕಲು ಅಪ್ಪ ಒಪ್ಪಿದ್ದರು. ಆದರೆ ಲೆಕ್ಕದ ಬದಲು ಸಸ್ಯಶಾಸ್ತ್ರ ತಗೊಂಡವರಿಗೆ ಅವರ ಮೇಷ್ಟ್ರು ಎಂಬತ್ತು, ತೊಂಬತ್ತು ಹಾಕುತ್ತಿದ್ದರು. ಆಯ್ಕೆಯಾದವರೆಲ್ಲ ಅವರೇ.

ನಮ್ಮ ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಹೋದರು. ನಾನು ಬಾಗಿಲಾಚೆ ನಿಂತಿದ್ದೆ.

“ಕೆಮಿಸ್ಟ್ರಿಗೆ ಎರಡು ಕಡೆ ಮಕ್ಕಳೂ ಒಂದೇ ಕ್ಲಾಸಲ್ಲಿ ಕೂತ್ಕತವೆ ಸಾ. ಅಲ್ಲಿ ಸರಿಸಮ ಇರೋರಲ್ಲಿ ಸಸ್ಯಶಾಸ್ತ್ರದೋರು ಮಾತ್ರ ಮಿಕ್ಕ ಪೇಪರಲ್ಲಿ ಹೆಂಗೆ ಅಷ್ಟು ಮೇಲೆ ಹೋದ್ರು? ಅದು ಮಕ್ಕಳ ಜಾಣತನ ಅಲ್ಲ, ನಮ್ಮ ಕೈ ವ್ಯತ್ಯಾಸ. ಅದನ್ನ ಸರಿದೂಗಿಸಿ ಆರಿಸಿ.”

ಪ್ರಿನ್ಸಿಪಾಲರು ನಕ್ಕರು. “ಅಷ್ಟೆಲ್ಲ ಯಾಕ್ ಮೇಷ್ಟ್ರೇ? ನೀವೂ ಒಸಿ ಕೈ ಬಿಚ್ಚಿ. ಮಾರ್ಕ್ಸೇನು ನಿಮ್ಮ ಹೊಲದ ರಾಗಿನಾ?”

ಆಯ್ಕೆ ಬದಲಾಗಲಿಲ್ಲ. ಆ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು. ದೇವರು ಕೈಬಿಡಲಿಲ್ಲ, ಗಂಡ ಗದರುವವರಲ್ಲ, ಅತ್ತೆ ನನ್ನನ್ನು ಬಿಟ್ಟು ಉಣ್ಣುವವರಲ್ಲ. ಇಷ್ಟು ಸಾಕು ತಾಯಿ ಎಂದು ದಿನಾ ಕೈಮುಗಿಯುತ್ತೇನೆ.

ಮುಂದಿನ ವರ್ಷ ಅದೇ ಕಾಲೇಜಿನಲ್ಲಿದ್ದ ನನ್ನ ತಂಗಿ ಲೆಕ್ಕದಲ್ಲಿ ತೊಂಬತ್ತೆರಡು ತಂದಳು. ಪೇಪರು ತಿರುವಿ ನೋಡಿದೆ. ತಪ್ಪಿದ್ದ ಕಡೆಯೂ ಸರಿ ಗುರುತು. ಪಕ್ಕದಲ್ಲಿ ಒಂದಕ್ಷರವೂ ಇಲ್ಲ.

ಕಬ್ಬಾಳಮ್ಮನ ಗುಡಿಯಲ್ಲಿ ಮೇಷ್ಟ್ರು ಸಿಕ್ಕಾಗ ಕೇಳಿಯೇಬಿಟ್ಟೆ. “ಯಾಕ್ ಸಾ ಹಿಂಗೆ?”

“ನಿನ್ನ ಕೆಲ್ಸ ಕಳೆದ್ನಲ್ಲವ್ವ, ಅದೇ ಸಾಕಾಯ್ತು. ಈಗ ಎಲ್ಲಾರ್ಗೂ ಹಾಕ್ತೀನಿ, ಕೆಲ್ಸ ಸಿಕ್ತವೆ. ಯಾರಿಗೆ ಎಷ್ಟು ಬತ್ತದೆ ಅನ್ನೋದು ಮಾತ್ರ ನಂಗೇ ಗೊತ್ತಾಗಕಿಲ್ಲ.”

ನಾನು ಚೆನ್ನಾಗಿದ್ದೀನಿ ಸಾ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ಹೊರಟಿದ್ದರು.

ಮತ್ತೆ ಸಿಗಲಿಲ್ಲ. ಮಲಗಿದ್ದಲ್ಲೇ ಹೋದರಂತೆ. ಅವರ ಹೆಸರಿನಲ್ಲಿ ಕಬ್ಬಾಳಮ್ಮನಿಗೊಂದು ದೀಪ ಹಚ್ಚುತ್ತೇನೆ. ನನ್ನ ಬದುಕು ತಮ್ಮಿಂದ ಹಾಳಾಯಿತು ಎಂದುಕೊಂಡೇ ಹೋದರಲ್ಲ. ಆ ಭಾರ ಇಳಿಸುವುದಕ್ಕೆ ನನ್ನದೊಂದು ಮಾತು ಸಾಕಿತ್ತು.