ಕಾಶಿಯಲ್ಲಿ ಬಿಟ್ಟ ದ್ರಾಕ್ಷಿ

ತಟ್ಟೆಯಲ್ಲಿದ್ದದ್ದಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಜಯನಗರದ ನಮ್ಮಮ್ಮನಾಗಿದ್ದರೆ ಮೂಗು ಮುಚ್ಚಿಕೊಂಡು ತಟ್ಟೆ ಸಮೇತ ಎಸೆಯುತ್ತಿದ್ದಳು. ಇಲ್ಲಿಯವರು ಅದನ್ನೇ ತೆಳ್ಳಗೆ ಕೊಯ್ದು, ಕಣ್ಣು ಮುಚ್ಚಿ ಸವಿಯುತ್ತಾರೆ. ಫ್ರೊಮಾಜ್ ಎಂದರೆ ಇವರ ಚೀಸು. ಊರಿಗೊಂದು ಬಗೆ, ಬಗೆಗೊಂದು ನಾತ. ಒಂದು ಚೂರು ಬಾಯಿಗಿಟ್ಟು ನೀರು ಕುಡಿದೆ. ನಮ್ಮ ಹುಳಿ ಮೊಸರು ಎಷ್ಟೋ ವಾಸಿ.

ನಾವು ಫ್ರಾನ್ಸಿಗೆ ಬಂದು ಇದು ಎರಡನೇ ಸೆಪ್ಟೆಂಬರ್. ಪಕ್ಕದ ಮನೆಯ ಮದಾಂ ಕ್ಲೇರ್ ಭಾನುವಾರ ತಮ್ಮ ಕಾರಿನಲ್ಲಿ ನಮ್ಮಿಬ್ಬರನ್ನೂ ದ್ರಾಕ್ಷಿ ಸೀಮೆಗೆ ಹೊರಡಿಸಿದ್ದರು. ಬೆಳಿಗ್ಗೆ ಚೀಸು, ಮಧ್ಯಾಹ್ನ ದ್ರಾಕ್ಷಿ ತೋಟ ಮತ್ತು ವೈನು. ನಾನು ಒಲ್ಲೆ ಎಂದಿದ್ದೆ. "ಮನೇಲಿ ಕೂತ್ಕೊಂಡು ಗೋಡೆ ನೋಡ್ತೀಯ ಅಷ್ಟೆ. ಸುಮ್ನೆ ಬಾರೆ" ಎಂದು ನಮ್ಮವರು ಎಬ್ಬಿಸಿದರು.

ಒಲ್ಲೆ ಎಂದದ್ದಕ್ಕೆ ಕಾರಣವಿತ್ತು. ಕಾಶಿಗೆ ಹೋದವರು ಇಷ್ಟದ ಹಣ್ಣೊಂದನ್ನು ಅಲ್ಲೇ ಬಿಟ್ಟುಬರುತ್ತಾರೆ, ಮತ್ತೆಂದೂ ಅದನ್ನು ಮುಟ್ಟುವುದಿಲ್ಲ. ಇದು ನಿಮಗೆ ಗೊತ್ತು. ಮದಾಂಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಹರಕು ಫ್ರೆಂಚು ಸುಸ್ತಾಯಿತು. "ನಿಮ್ಮ ದೇವರಿಗೆ ದ್ರಾಕ್ಷಿ ಕಂಡರಾಗದೇ?" ಎಂದು ಕೇಳಿದರು, ಪಾಪ.

ನಾವಿಬ್ಬರೂ ಬಿಟ್ಟದ್ದು ನಮ್ಮ ಇಷ್ಟದ ಹಣ್ಣನ್ನಲ್ಲ, ಸುಮಿಯ ಇಷ್ಟದ ದ್ರಾಕ್ಷಿಯನ್ನು. ಸುಮಿ ನಮ್ಮ ಮಗಳು. ಮೆದುಳು ಜ್ವರ ಬಂದು ವಾರದೊಳಗೆ ಹೋಗಿಬಿಟ್ಟಳು. ನಾವು ಕಾಶಿಗೆ ಹೋದದ್ದು ಅದಾದ ಮೇಲೆ. ಆಮೇಲೆ ಜಯನಗರದಲ್ಲಿ ಹೂವಿನವಳೂ ನನ್ನ ಮುಖ ನೋಡಿ ಒಂದು ಮೊಳ ಹೆಚ್ಚಿಗೆ ಕೊಡುತ್ತಿದ್ದಳು. ಆ ಕನಿಕರ ತಾಳಲಾರದೆ, ಇವರಿಗೆ ಇಲ್ಲಿ ಕೆಲಸ ಸಿಕ್ಕಿದ್ದೇ ತಡ, ಹೊರಟು ಬಂದೆವು. ಇಲ್ಲಿ ಯಾರಾದರೂ ಮಕ್ಕಳೆಷ್ಟು ಎಂದರೆ "ಇಲ್ಲ ಅಂದ್ಬಿಡೋಣ" ಎಂದರು ಇವರು. ಅದೊಂದು ಮಾತನ್ನು ಫ್ರೆಂಚಿನಲ್ಲಿ ತಪ್ಪಿಲ್ಲದೆ ಹೇಳುತ್ತೇನೆ. ಇವರು ಮನೆಯಲ್ಲೂ ಅವಳ ಹೆಸರೆತ್ತುವುದಿಲ್ಲ. ಮರೆತೇಬಿಟ್ಟರೇನೋ ಎಂಬ ಭಯ ನನ್ನನ್ನು ಎಷ್ಟೋ ದಿನದಿಂದ ತಿನ್ನುತ್ತಿತ್ತು.

ತೋಟ ನೋಡಿ ಬೆರಗಾದೆ. ನಮ್ಮ ಬಿಳೇಕಹಳ್ಳಿಯಲ್ಲಿ ಬಳ್ಳಿ ಚಪ್ಪರಕ್ಕೆ ಹಬ್ಬಿ, ಗೊಂಚಲು ತಲೆಯ ಮೇಲೆ ತೂಗುತ್ತದೆ. ಅಲ್ಲಿ ಇವರ ಸ್ನೇಹಿತರದೊಂದು ತೋಟವಿತ್ತು. ಇವರು ಸುಮಿಯನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಅವಳೇ ಕಿತ್ತು ತಿನ್ನುತ್ತಿದ್ದಳು, ಸಿಪ್ಪೆ ಎಲ್ಲ ಅಪ್ಪನ ತಲೆಗೆ. ಇಲ್ಲಿ ಬಳ್ಳಿಗಳು ಸಾಲಾಗಿ ಸೊಂಟದೆತ್ತರಕ್ಕೆ ನಿಂತಿವೆ. ಹಣ್ಣು ಕೀಳಲು ಯಾರನ್ನೂ ಎತ್ತಿಕೊಳ್ಳಬೇಕಿಲ್ಲ.

ತೋಟದ ಯಜಮಾನ ವೈನು ಸುರಿದುಕೊಟ್ಟ. "ಬಿಟ್ಟಿದ್ದು ಹಣ್ಣು ತಾನೆ, ರಸ ಅಲ್ವಲ್ಲ" ಎಂದು ಇವರು ಲಾಯರಿನಂತೆ ವಾದಿಸಿ ಒಂದು ಗುಟುಕು ಕುಡಿದರು. ನಾನು ಸಿಟ್ಟು ನುಂಗಿಕೊಂಡೆ. ಮದಾಂ ಲೋಟ ಹಿಡಿದು ಯಜಮಾನನೊಡನೆ ಮಾತಿಗಿಳಿದರು. ತಿರುಗಿ ನೋಡಿದರೆ, ಸಾಲಿನ ಕೊನೆಯಲ್ಲಿ ಇವರು ಕಪ್ಪು ಗೊಂಚಲೊಂದನ್ನು ಕೈಯಲ್ಲಿ ಹಿಡಿದು ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನನ್ನ ಮೈಯೆಲ್ಲ ಉರಿದುಹೋಯಿತು. ಓಡಿದೆ. "ಏನ್ರೀ ಇದು! ಗಂಗೇಲಿ ನಿಂತು ಬಿಟ್ಟಿದ್ರಲ್ರೀ! ಅವಳನ್ನ ಇಷ್ಟು ಬೇಗ ಮರೆತ್ರಾ? ನಿಮಗೆ ಕರುಳೇ ಇಲ್ವಾ?"

ಅವರು ತಿನ್ನುವುದನ್ನು ನಿಲ್ಲಿಸಲಿಲ್ಲ. ಕಣ್ಣಿನಿಂದ ನೀರು ಗಡ್ಡದವರೆಗೂ ಇಳಿದಿತ್ತು.

"ತೋಟದಿಂದ ಬರ್ತಾ ಬಸ್ಸಲ್ಲಿ ನನ್ನ ತೊಡೆ ಮೇಲೆ ಮಲಗ್ತಿದ್ಲಲ್ಲ, ಅವಳ ಉಸಿರೆಲ್ಲ ದ್ರಾಕ್ಷಿ ವಾಸನೆ ಇರ್ತಿತ್ತು ಕಣೆ. ಈಗೀಗ ನೆನಪಿಗೇ ಬರ್ತಿಲ್ಲ ಅದು. ಇದನ್ನ ತಿಂದ್ರೆ ಬರತ್ತೇನೋ ಅಂತ..." ಗೊಂಚಲನ್ನು ನನ್ನತ್ತ ಚಾಚಿದರು. "ಇದ್ರಲ್ಲಿ ಆ ವಾಸನೆ ಇಲ್ಲ. ಒಂದರಲ್ಲೂ ಇಲ್ಲ."

ನಾನು ಅದೇ ಮಣ್ಣಿನಲ್ಲಿ ಕುಸಿದು ಕೂತೆ. ಅವರೂ ಕೂತರು. ಇಲ್ಲಿಗೆ ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಮದಾಂ ಗಾಬರಿಯಾಗಿ ಓಡಿಬಂದರು. "ನಮಗೊಬ್ಬಳು ಮಗಳಿದ್ದಳು" ಎಂದು ಇವರೇ ಹೇಳಿದರು.

ಊರಿಗೆ ಬಂದುಬಿಡಿ ಎಂದು ಮನೆಯವರೆಲ್ಲ ಕರೆಯುತ್ತಾರೆ. ಬಿಳೇಕಹಳ್ಳಿಯ ದ್ರಾಕ್ಷಿಗೆ ಇನ್ನೂ ಆ ವಾಸನೆ ಇದ್ದೇ ಇರುತ್ತದೆ, ಬರಲು ಧೈರ್ಯ ಸಾಲದು. ಇಲ್ಲಿಯದಕ್ಕೆ ಅದಿಲ್ಲ. ಇಲ್ಲಿ ಇರಲೂ ಆಗುತ್ತಿಲ್ಲ.